ಕಲ್ಲುಹೂವಿನ ಶಿಲೀಂಧ್ರ ಮತ್ತು ಹಿಂಸೆಯ ಪ್ರಶ್ನೆ

ಮರದ ತೊಗಟೆಗೂ ಬಂಡೆಗೂ ಅಂಟಿಕೊಂಡು ಬೆಳೆಯುವ ಕಲ್ಲುಹೂವು ಒಂದೇ ಜೀವಿಯಲ್ಲ. ಶಿಲೀಂಧ್ರವೊಂದು ಅದರ ಒಡಲನ್ನು ಕಟ್ಟುತ್ತದೆ. ಒಳಗಿರುವ ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ 1860ರ ದಶಕದ ಕೊನೆಯಲ್ಲಿ ಇದನ್ನು ಹೇಳಿದಾಗ ಹಲವು ಹಿರಿಯ ತಜ್ಞರು ಒಪ್ಪಲಿಲ್ಲ. ಶ್ವೆಂಡೆನರ್ ಪ್ರಕಾರ ಶಿಲೀಂಧ್ರ ಒಡೆಯ, ಪಾಚಿ ಅದರ ಸೆರೆಯಾಳು. ಜರ್ಮನಿಯ ಆಂಟನ್ ಡಿ ಬಾರಿ 1879ರಲ್ಲಿ ಇದೇ ಸಂಬಂಧವನ್ನು ಸಹಜೀವನದ ಉದಾಹರಣೆಯಾಗಿ ಕೊಟ್ಟರು. ಆದರೆ ಪರಾವಲಂಬನೆಯನ್ನೂ ಸಹಜೀವನದೊಳಗೇ ಇಟ್ಟರು.

ಕಲ್ಲುಹೂವಿನ ಒಳಗೆ, ಅದರ ಆಕಾರಕ್ಕೆ ಕಾರಣವಲ್ಲದ ಬೇರೆ ಶಿಲೀಂಧ್ರಗಳೂ ಅಡಗಿರುತ್ತವೆ. ಅವನ್ನು ಹೊರತೆಗೆಯಲು ಕಲ್ಲುಹೂವಿನ ಚೂರನ್ನು ಹರಿಯುವ ನೀರಿನಲ್ಲಿ ತೊಳೆದು, ಮದ್ಯಸಾರದಿಂದಲೂ ಸೋಡಿಯಂ ಹೈಪೋಕ್ಲೋರೈಟಿನಿಂದಲೂ ಮೇಲ್ಮೈಯನ್ನು ಶುದ್ಧಗೊಳಿಸಿ, ಸಣ್ಣಗೆ ಕತ್ತರಿಸಿ ಅಗರ್ ಮೇಲೆ ಇಡುತ್ತಾರೆ. ಕೆಲವು ದಿನಗಳಲ್ಲಿ ಅಂಚಿನಿಂದ ಎಳೆಗಳು ಹೊರಡುತ್ತವೆ. ಬಳಿಕ ಒಂದೇ ಪೆಟ್ರಿ ತಟ್ಟೆಯ ಒಂದು ಬದಿಗೆ ಈ ಶಿಲೀಂಧ್ರವನ್ನೂ ಎದುರು ಬದಿಗೆ ಬೆಳೆಯ ರೋಗಕಾರಕವನ್ನೂ ಬೆಳೆಸುತ್ತಾರೆ. ಕೆಲವೊಮ್ಮೆ ಎರಡರ ನಡುವೆ ಏನೂ ಬೆಳೆಯದ ಬರಿಯ ಪಟ್ಟಿಯೊಂದು ಉಳಿಯುತ್ತದೆ: ಒಂದು ಸ್ರವಿಸಿದ ರಾಸಾಯನಿಕ ಇನ್ನೊಂದನ್ನು ತಡೆದಿರುತ್ತದೆ. ಕೆಲವೊಮ್ಮೆ ಬೇಗ ಬೆಳೆದದ್ದು ಜಾಗವನ್ನೂ ಆಹಾರವನ್ನೂ ಕಬಳಿಸಿ ಮತ್ತೊಂದನ್ನು ಮುಚ್ಚಿಹಾಕುತ್ತದೆ.

ಹೀಗೆ ಗೆದ್ದ ಶಿಲೀಂಧ್ರವನ್ನು ಉಪಕಾರಿ ಎನ್ನುವುದು ಕೃಷಿಕನ ದೃಷ್ಟಿಯಿಂದ ಮಾತ್ರ. ಕಾಳುಮೆಣಸಿನ ಸೊರಗು ರೋಗ ತಡೆಯಲು ಬುಡಕ್ಕೆ ಹಾಕುವ ಟ್ರೈಕೋಡರ್ಮಾ, ಅಣಬೆ ಬೆಳೆಯುವವರ ಚೀಲಗಳಲ್ಲಿ ಹಸಿರು ಬೂಷ್ಟಾಗಿ ಬೆಳೆಯನ್ನೇ ಹಾಳುಮಾಡುತ್ತದೆ. ಹಾಗಾದರೆ ಒಂದು ಜೀವಿಯಿಂದ ಇನ್ನೊಂದನ್ನು ಕೊಲ್ಲಿಸುವುದು ವಿಷ ಸಿಂಪಡಿಸುವುದಕ್ಕಿಂತ ಅಹಿಂಸೆಗೆ ಹತ್ತಿರವೇ?

ಈ ಪ್ರಶ್ನೆಯನ್ನು ಜೈನ ದರ್ಶನದಷ್ಟು ಬಿಗಿಯಾಗಿ ಎದುರಿಸಿದ ಪರಂಪರೆ ಅಪರೂಪ. ಹಾವಸೆ, ಬೂಷ್ಟುಗಳನ್ನು ಅದು ಸಾಧಾರಣ ವನಸ್ಪತಿ ಎನ್ನುತ್ತದೆ: ಅನಂತ ಜೀವಗಳಿಗೆ ಒಂದೇ ಶರೀರ, ಒಂದೇ ಆಹಾರ, ಒಂದೇ ಉಸಿರು. ಆ ಲೆಕ್ಕದಲ್ಲಿ ರೋಗಕಾರಕವೂ ಜೀವವೇ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು, ಮೂರೂ ಕರ್ಮಬಂಧಕ್ಕೆ ಕಾರಣ. ಆದ್ದರಿಂದ ಕೊಲ್ಲುವ ಕೆಲಸವನ್ನು ಶಿಲೀಂಧ್ರಕ್ಕೆ ಒಪ್ಪಿಸಿದ ಮಾತ್ರಕ್ಕೆ ಕೈ ಶುದ್ಧವಾಗುವುದಿಲ್ಲ. ಜೈವಿಕ ನಿಯಂತ್ರಣವನ್ನು ಪ್ರಕೃತಿಯ ನಿರ್ಮಲ ದಾರಿ ಎಂದು ಹೊಗಳುವವರು ಈ ಮಾತನ್ನು ಮರೆಯುತ್ತಾರೆ.

ಆದರೆ ಇದೇ ದರ್ಶನ ಗೃಹಸ್ಥನಿಗೆ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಬೇಕೆಂದೇ ಕೊಲ್ಲುವ ಮೊದಲನೆಯದನ್ನು ಪೂರ್ಣ ಬಿಡಬೇಕೆನ್ನುತ್ತದೆ. ಕೃಷಿಯಲ್ಲಿ ಆಗುವ ಹಿಂಸೆ ಉದ್ಯೋಗೀ. ಅದನ್ನು ಆದಷ್ಟು ಕಡಿಮೆ ಮಾಡುವುದು ಅವನ ಹೊಣೆ. ವಿಷ ಸಿಂಪಡಣೆಗೂ ಜೈವಿಕ ನಿಯಂತ್ರಣಕ್ಕೂ ಹೋಲಿಕೆ ಸಾಧ್ಯವಾಗುವುದು ಇಲ್ಲಿಯೇ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವಿವರವಾಗಿ ಬರೆದರು. ಅವರು ಸೂಚಿಸಿದ ಬೋರ್ಡೋ ದ್ರಾವಣ ಇಂದಿಗೂ ಮಲೆನಾಡಿನ ತೋಟಗಳನ್ನು ಕಾಯುತ್ತಿದೆ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದರ ತಾಮ್ರ ಕರಗಿ ಹೋಗುವುದಿಲ್ಲ. ವರ್ಷ ವರ್ಷ ಮಣ್ಣಿನಲ್ಲಿ ಸೇರುತ್ತ, ರೋಗಕ್ಕೆ ಸಂಬಂಧವೇ ಇಲ್ಲದ ಎರೆಹುಳು, ಸೂಕ್ಷ್ಮಜೀವಿಗಳನ್ನೂ ತಟ್ಟುತ್ತದೆ. ಆಯ್ದ ರೋಗಕಾರಕವನ್ನಷ್ಟೇ ತಡೆಯುವ ಶಿಲೀಂಧ್ರ ಸಿಕ್ಕರೆ ಹಿಂಸೆಯ ಹರವು ನಿಜಕ್ಕೂ ಕಿರಿದಾಗುತ್ತದೆ.

ಕಲ್ಲುಹೂವಿಗೂ ಇದರಲ್ಲಿ ಪಾಲಿದೆ. ಹಲವು ಜಾತಿಗಳು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಅಸ್ನಿಕ್ ಆಮ್ಲದಂಥ ಸೂಕ್ಷ್ಮಜೀವಿನಾಶಕಗಳಿಗಾಗಿ ಅದನ್ನು ಮೂಟೆಗಟ್ಟಲೆ ಕಿತ್ತರೆ ಕಾಡು ಬರಿದಾಗುತ್ತದೆ. ಒಳಗಿನ ಶಿಲೀಂಧ್ರವನ್ನು ಬೇರ್ಪಡಿಸಲು ಒಂದು ಚೂರು ಸಾಕು. ಮುಂದೆ ಅದು ಪ್ರಯೋಗಾಲಯದಲ್ಲೇ ಬೆಳೆಯುತ್ತದೆ.

ತಟ್ಟೆಯಲ್ಲಿ ಗೆದ್ದದ್ದು ತೋಟದ ಮಳೆ, ಮಣ್ಣು, ಪೈಪೋಟಿಯ ನಡುವೆ ಸೋಲುವುದು ಸಾಮಾನ್ಯ. ಗೆದ್ದರೂ ಇನ್ನೊಂದು ತೊಡಕಿದೆ: ಒಮ್ಮೆ ಮಣ್ಣಿಗೆ ಬಿಟ್ಟ ಜೀವಿಯನ್ನು ಹಿಂದಕ್ಕೆ ಕರೆಯಲಾಗದು. ಹಿಂಸೆಯ ಮೂಲ ಪ್ರಮಾದ, ಅಂದರೆ ಎಚ್ಚರಗೇಡಿತನ, ಎಂದು ಜೈನರು ಗುರುತಿಸಿದ್ದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಬಿಡುವ ಮುನ್ನ ಬೆಳೆಯ ಬೇರಿನ ಮೇಲೆ, ಎರೆಹುಳುವಿನ ಮೇಲೆ, ಮಣ್ಣಿನ ಇತರ ಶಿಲೀಂಧ್ರಗಳ ಮೇಲೆ ಅದನ್ನು ಪರೀಕ್ಷಿಸುವುದು ವಿಜ್ಞಾನದ ಶಿಸ್ತಷ್ಟೇ ಅಲ್ಲ, ಗೃಹಸ್ಥನ ವ್ರತಕ್ಕೂ ಸೇರಿದ ಕೆಲಸ.