ಯಾರೂ ಮಸೆಯದ ಕತ್ತಿ

ನಮ್ಮ ಮನೆಗಳಲ್ಲಿ ಕತ್ತಿ ಇರಲಿಲ್ಲ. ಕುಡುಗೋಲಿತ್ತು, ಮಚ್ಚಿತ್ತು, ಈಳಿಗೆಮಣೆ ಇತ್ತು, ಸೂರಿನ ಸಂದಿಗೆ ಸಿಕ್ಕಿಸಿದ ತೊಗಲು ಸುಲಿಯುವ ಚೂರಿ ಇತ್ತು. ಕತ್ತಿಯನ್ನು ನಾವು ಕಂಡದ್ದು ಶಾಲೆಯ ಚರಿತ್ರೆ ಪುಸ್ತಕದಲ್ಲಿ, ಊರ ದೇವರ ಮೆರವಣಿಗೆಯಲ್ಲಿ, ಅದೂ ದೂರ ನಿಂತು. ಹೀಗಿರುವಾಗ ನಮ್ಮವನೇ ಒಬ್ಬ ಗೆಳೆಯ ಇವತ್ತು ಬೆಂಗಳೂರಿನಲ್ಲಿ ಕೂತು ದಿನವಿಡೀ ಕತ್ತಿ ಮಾಡುತ್ತಾನೆ. ಕಬ್ಬಿಣದ್ದಲ್ಲ. ಕಂಪ್ಯೂಟರ್ ಆಟಗಳ ಎಲ್ಲೂ ಇಲ್ಲದ ರಾಜ್ಯಗಳಿಗೆ, ಹುಟ್ಟದೇ ಇರುವ ರಾಜರ ಸೊಂಟಕ್ಕೆ ಬೇಕಾದ ಕತ್ತಿ, ಬಾಕು, ಕಠಾರಿಗಳ ಚಿತ್ರ. "ಇದೂ ಒಂದು ಕುಲುಮೆ ಕಣ್ರೋ, ಬೆಂಕಿ ಇಲ್ಲ ಅಷ್ಟೆ" ಅಂತ ನಗುತ್ತಾನೆ.

ಇಲ್ಲದ ಲೋಕಕ್ಕೆ ಆಯುಧ ಮಾಡುವುದರಲ್ಲಿ ಸರಿ ತಪ್ಪಿನ ಮಾತೇನು ಬಂತು? ಆ ಕತ್ತಿ ಯಾರ ಕತ್ತನ್ನೂ ಕುಯ್ಯುವುದಿಲ್ಲವಲ್ಲ? ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು.

ಗೆಳೆಯ ಈ ಕೆಲಸ ಕಲಿತದ್ದು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ. ಅದು 2002ರಲ್ಲಿ ಮುಕ್ತವಾಯಿತು, ಕಾಸು ಕೊಡಬೇಕಿಲ್ಲ. ಇಲ್ಲದಿದ್ದರೆ ನಮ್ಮ ಹುಡುಗರಿಗೆ ಅದೆಲ್ಲಿ ಸಿಗುತ್ತಿತ್ತು! ಮೊದಲು ಕತ್ತಿಯ ಆಕಾರವನ್ನು ಸಣ್ಣಸಣ್ಣ ಮುಖಗಳಾಗಿ ಕಟ್ಟಬೇಕು. ಆಮೇಲೆ ಅದರ ಮೈಮೇಲೆ ಎಲ್ಲಿ ಸೀಳಬೇಕೆಂದು ಗೆರೆ ಎಳೆದು, ಹೊರಮೈಯನ್ನು ಬಿಚ್ಚಿ, ಸುಕ್ಕಿಲ್ಲದಂತೆ ಚಪ್ಪಟೆಯಾಗಿ ಹಾಸಬೇಕು. ಹಾಸಿದ ಮೇಲೆ ಬಣ್ಣ, ತುಕ್ಕು, ಹೊಳಪು. ಸೀಳು ತಪ್ಪಾದರೆ ಎಲ್ಲಾ ಎಳೆದಾಡಿ ಕೆಡುತ್ತದೆ. ಇದನ್ನು ವಿವರಿಸುತ್ತಾ ಅವನು ನಿಂತುಬಿಟ್ಟ. ಸತ್ತ ಎತ್ತಿನ ಹೊಟ್ಟೆಯ ನಡುವೆ ಗೆರೆ ಎಳೆದು, ತೂತಾಗದಂತೆ ತೊಗಲು ಬಿಡಿಸಿ, ನೆಲದ ಮೇಲೆ ಹಾಸುತ್ತಿದ್ದ ಅವನ ತಾತ ಮಾಡುತ್ತಿದ್ದುದೂ ಇದನ್ನೇ. ತಾತನನ್ನು ಆ ಕೆಲಸ ಊರಾಚೆ ನಿಲ್ಲಿಸಿತು. ಮೊಮ್ಮಗನಿಗೆ ಅದೇ ಕೆಲಸ ತಣ್ಣನೆಯ ಕೋಣೆಯಲ್ಲಿ ಸಂಬಳ ಕೊಡುತ್ತಿದೆ. ಇದನ್ನು ಪ್ರಗತಿ ಎನ್ನಬೇಕೋ ಅಣಕ ಎನ್ನಬೇಕೋ ನಮಗೆ ತಿಳಿಯಲಿಲ್ಲ.

ಒಮ್ಮೆ ಹಬ್ಬಕ್ಕೆ ಬಂದಾಗ ತಾತನಿಗೆ ತಾನು ಮಾಡಿದ ಕತ್ತಿಯೊಂದನ್ನು ತೋರಿಸಿದ. ಹಳೆಯದಾಗಿ ಕಾಣಲೆಂದು ಅಂಚಿನುದ್ದಕ್ಕೂ ಸವೆತ ಹಾಕಿದ್ದ. ಈ ಸವೆತವನ್ನು ಯಂತ್ರವೇ ಹಾಕುತ್ತದೆ: ಎಲ್ಲೆಲ್ಲಿ ಮೂಲೆ ಎದ್ದಿದೆಯೋ ಅಲ್ಲೆಲ್ಲ ಬಣ್ಣ ಕೀಳುತ್ತದೆ, ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಕೊಳೆ ತುಂಬುತ್ತದೆ. ತಾತ ಬಹಳ ಹೊತ್ತು ನೋಡಿ, "ಈ ಕತ್ತೀನ ಯಾರೂ ಮಸೆದಿಲ್ಲ ಕಣ್ಲಾ ಮಗಾ" ಅಂದರು. "ಮಸೆದಿದ್ರೆ ಬುಡದತ್ರ ದಪ್ಪ ಉಳ್ಕಂಡು ಹೊಟ್ಟೆ ತೆಳ್ಳಗಾಗ್ಬೇಕು. ಇದು ಎಲ್ಲಾ ಕಡೆ ಒಂದೇ ಸಮ ಸವೆದದೆ. ಕೆಲ್ಸ ಮಾಡದ್ದು ಹಿಂಗೇಯಾ."

ಗೆಳೆಯರೇ, ನಮ್ಮ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಯಂತ್ರಕ್ಕೆ ಆಕಾರ ಗೊತ್ತು, ಶ್ರಮ ಗೊತ್ತಿಲ್ಲ. ಶ್ರಮವಿಲ್ಲದ ಸವೆತವೆಂದರೆ ದುಡಿಯದವನ ಕೈಗೆ ಬರೆದ ಬೊಬ್ಬೆ. ಅದನ್ನು ಬರೆಯುವವನು ದುಡಿದವರ ಮಗನೇ ಆಗಿದ್ದರೆ ಅದು ಬರೀ ಚಿತ್ರವೇ, ಸುಳ್ಳು ಸಾಕ್ಷಿಯೇ?

ಅವನಿಗೆ ಹಠ ಬಂತು. ತಾತನ ಚೂರಿಯನ್ನೇ ಎದುರಿಗಿಟ್ಟುಕೊಂಡು ರಾತ್ರಿಗಳಲ್ಲಿ ಅದರ ಚಿತ್ರ ಮಾಡಿದ. ಸಾಣೆಗೆ ಸವೆದ ಹೊಟ್ಟೆ, ಮೊಂಡಾದ ತುದಿ, ಹೆಬ್ಬೆರಳು ಊರಿ ಊರಿ ಗುಳಿಬಿದ್ದ ಹಿಡಿ. ತಾತ ಎಡಚ. ಗುಳಿ ಒಂದೇ ಮಗ್ಗುಲಿಗಿತ್ತು. ಎಡಗೈ ಅಂದರೆ ನಮ್ಮ ಕಡೆ ಬರಿಯ ಕೈ ಅಲ್ಲವೆಂದು ಓದುಗರಿಗೆ ಹೇಳಬೇಕಿಲ್ಲ. ಕಛೇರಿಯಲ್ಲಿ ತೋರಿಸಿದಾಗ ಮೇಲಿನವರು ಮೆಚ್ಚಿದರಂತೆ. ಆದರೆ ಅರ್ಧ ಮಾಡಿ ಕನ್ನಡಿಯಂತೆ ಮಗುಚಿಬಿಡು, ಜಾಗ ಉಳಿಯುತ್ತದೆ ಅಂದರು. ಅದು ಆ ಕಸುಬಿನ ರೂಢಿ, ಕೆಟ್ಟ ಮನಸ್ಸಿನ ಮಾತಲ್ಲ. ಮಗುಚಿದರೆ ಗುಳಿ ಎರಡೂ ಮಗ್ಗುಲಿಗೆ ಬರುತ್ತದೆ. ತಾತನ ಕೈ ಹೋಗುತ್ತದೆ. ಎರಡನೆಯ ಮಾತು, ಈ ಚೂರಿಯನ್ನು ಆಟದ ರಾಕ್ಷಸರ ಕೈಗೆ ಕೊಡೋಣ, ಅವರಿಗೇ ಒಪ್ಪುತ್ತದೆ ಅಂತ.

ಕಲ್ಪನೆಯ ಲೋಕ ಅಂದರೆ ಹೇಗೆ ಬೇಕಾದರೂ ಕಟ್ಟಬಹುದಾದ ಲೋಕ. ಅಲ್ಲಿ ಎರಡು ಚಂದ್ರರಿರಬಹುದು, ಹಾರುವ ಹಾವಿರಬಹುದು. ಆದರೂ ರಾಜ ಹಾಗೇ ಇರುತ್ತಾನೆ, ಕತ್ತಿ ಅವನ ಕೈಯಲ್ಲೇ ಇರುತ್ತದೆ, ಸುಲಿಯುವ ಚೂರಿ ರಾಕ್ಷಸನಿಗೇ ಹೋಗುತ್ತದೆ! 2011ರಲ್ಲಿ ಬಂದ ಸ್ಕೈರಿಮ್ ಎಂಬ ಹೆಸರಾದ ಆಟದಲ್ಲಿ ಹಸಿ ತೊಗಲನ್ನು ಒಂದು ಚೌಕಟ್ಟಿನ ಬಳಿ ಒಯ್ದು ಗುಂಡಿ ಒತ್ತಿದರೆ ಹದವಾದ ಚರ್ಮ ಸಿಗುತ್ತದೆ. ಅದರದೊಂದು ಪಟ್ಟಿ, ಒಂದು ಕಬ್ಬಿಣದ ಗಟ್ಟಿ, ಅಷ್ಟಕ್ಕೆ ಬಾಕು ತಯಾರು. ಕಮ್ಮಾರಿಕೆಯಲ್ಲಿ ಪಳಗಲು ಆಡುವವರು ಇಂಥ ಬಾಕುಗಳನ್ನು ರಾಶಿ ರಾಶಿ ಹೊಡೆದರು. ಸುಣ್ಣದ ಗುಂಡಿಯಲ್ಲಿ ಕೊಳೆಹಾಕಿ, ಕೂದಲು ಹೆರೆದು, ಮಾಂಸ ಕೆರೆದು, ತಂಗಡಿ ಚಕ್ಕೆಯ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದಮಾಡಿದವರ ಮಕ್ಕಳು ಆ ಗುಂಡಿ ಒತ್ತಿ ನೋಡಿದೆವು. ನಾತವೇ ಇಲ್ಲ. ನಾತವಿಲ್ಲದ್ದರಿಂದ ಹೊಲೆಯೂ ಇಲ್ಲ. ನಿಜ ಹೇಳಬೇಕೆಂದರೆ ನಮಗೆ ಅರೆಗಳಿಗೆ ಖುಷಿಯೇ ಆಯಿತು.

ಇಂಗ್ಲಿಷಿನ ಟೋಲ್ಕಿನ್ ತನ್ನ ಕಾದಂಬರಿಗಳ ಕತ್ತಿಗಳಿಗೆ ಹೆಸರಿಟ್ಟ. ಮುರಿದು ಮತ್ತೆ ಬೆಸೆದ ಕತ್ತಿಗೆ ಎರಡು ಹೆಸರು. ಅದನ್ನು ಮೊದಲು ಹೊಡೆದ ಕಮ್ಮಾರನಿಗೂ ಹೆಸರಿಟ್ಟದ್ದು ಆತನ ದೊಡ್ಡತನ. ಆದರೆ ಅಲ್ಲಿನ ಜೀನು, ಬಾರುಗಳ ತೊಗಲು ಹದಮಾಡಿದವರು ಯಾರು? ಆಟದ ಕತ್ತಿಗಳ ಮೇಲೆ ಬರೆಯುವ ನೀರಲೆಯಂಥ ಚಿತ್ತಾರಕ್ಕೆ ಡಮಾಸ್ಕಸ್ ಎಂದು ಹೆಸರು. ಅಂಥ ಅಲಗಿಗೆ ಬೇಕಾದ ಉಕ್ಕಿನ ಗಟ್ಟಿಗಳನ್ನು ಮೂಸೆಯಲ್ಲಿ ಕರಗಿಸಿ ಕಳಿಸಿದ್ದು ದಕ್ಷಿಣ ಭಾರತ. ಇಂಗ್ಲಿಷರು ಅದನ್ನು ವೂಟ್ಜ್ ಎಂದರು, ನಮ್ಮ 'ಉಕ್ಕು' ಎಂಬ ಮಾತೇ ಅದರ ಮೂಲವೆಂದು ಹೇಳುವುದುಂಟು. ಹೆಸರು ಮಾತ್ರ ಮಾರಿದ ಪೇಟೆಗೆ ಅಂಟಿತು, ಕರಗಿಸಿದ ಕೈಗೆ ಅಂಟಲಿಲ್ಲ.

ಬೇರೆಯವರನ್ನು ಅಂದದ್ದಾಯಿತು, ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. 1979ರಲ್ಲಿ ಬೆಂಗಳೂರಿನಲ್ಲಿ ಸೇರಿದ ಬಂಡಾಯದ ಹಿರಿಯರು ಕವಿತೆ ಆಯುಧವಾಗಬೇಕೆಂದಾಗ ಅವರಿಗೆ ನೆನಪಾದದ್ದೂ ಖಡ್ಗವೇ, ರಂಪಿಗೆಯಲ್ಲ. ನಾವೂ ನಮ್ಮ ಪದ್ಯಗಳಲ್ಲಿ ಖಡ್ಗ ಝಳಪಿಸಿದವರೇ. ಅವರಿಗೂ ನೂರಾರು ವರ್ಷ ಮುಂಚೆ ಶರಣ ಮಾದಾರ ಚೆನ್ನಯ್ಯ ಉಳಿ, ಕತ್ತಿ, ಅಡಿಗೂಟಗಳನ್ನು ತನ್ನ ವಚನದ ಅಂಕಿತದಲ್ಲೇ ಇಟ್ಟುಕೊಂಡಿದ್ದ. ಕಸುಬಿನ ಸಲಕರಣೆ ಅವನಿಗೆ ಸಹಿಯಾಯಿತು. ಈ ಒಂದು ವಿಷಯದಲ್ಲಿ ನಾವು ಅವನಿಗಿಂತ ಹಿಂದಕ್ಕೆ ಹೋದೆವೆಂದೇ ನಮ್ಮ ಅನಿಸಿಕೆ.

ಈಗ ಆ ಚೂರಿಯ ಚಿತ್ರ ಗೆಳೆಯನ ಬಳಿಯೇ ಇದೆ, ಇನ್ನೂ ಒಪ್ಪಿಸಿಲ್ಲ. ನಮ್ಮ ಕೋಣೆಯಲ್ಲಿ ರಾತ್ರಿಯೆಲ್ಲ ಜಗಳ ನಡೆಯಿತು. ರಾಕ್ಷಸನ ಕೈಗೆ ಕೊಡುವುದಕ್ಕಿಂತ ಅಳಿಸಿಬಿಡು ಅಂದ ಒಬ್ಬ. ಅಳಿಸಿದರೆ ಇಲ್ಲದ ಲೋಕದಲ್ಲೂ ನಾವಿಲ್ಲದಂತಾಗುತ್ತೇವೆ, ಯಾರ ಕೈಯಲ್ಲಾದರೂ ಇರಲಿ ಅಂದ ಇನ್ನೊಬ್ಬ. ಯಾರು ಬೇಕಾದರೂ ತಗೊಳ್ಳಲೆಂದು ಪುಕ್ಕಟೆಯಾಗಿ ಹಂಚಿಬಿಡೋಣ ಎಂಬುದು ನಮ್ಮಲ್ಲಿ ಹೆಚ್ಚಿನವರ ಮಾತು. ಗೆಳೆಯ ಸುಮ್ಮನಿದ್ದ. ಕೊನೆಗೆ ತಾತನಿಗೇ ಫೋನು ಹಚ್ಚಿದ.

"ಅದ್ನ ಯಾರಿಗಾರ ಕೊಡ್ಲಾ" ಅಂದರು ತಾತ. "ಹಿಡಿ ಮಾತ್ರ ಎಡಗೈಗೇ ಇರ್ಲಿ."