ಹವಳದ ಬಾಗಿಲು: ಹಾಯಿದಾರಿಯ ಒಂದು ಮೀಮಾಂಸೆ

ಪುಣೆಯಲ್ಲಿ ಕುಳಿತು ಕಡಲದಾರಿಯ ಮಾತೇ ಎಂದು ನಗುವವರಿದ್ದಾರೆ. ನಗಲಿ. ಮುಂಗಾರಿನ ಲೆಕ್ಕ ಇಲ್ಲಿನ ಶಿವಾಜಿನಗರದ ಹವಾಮಾನ ಕಚೇರಿಯಲ್ಲಿ ನಡೆಯುತ್ತದೆ. 1916ರಲ್ಲಿ ಆರಂಭವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಖಡಕ್‌ವಾಸ್ಲಾದಲ್ಲಿ ಬಂದರುಗಳ ಮಾದರಿ ಕಟ್ಟಿ ಅಲೆ ಹರಿಸಿ ನೋಡುತ್ತದೆ; ನವ ಮಂಗಳೂರು ಬಂದರಿನ ಅಧ್ಯಯನವೂ ಅಲ್ಲಿ ನಡೆದದ್ದೇ. ಪಕ್ಕದ ಜಲಾಶಯದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳು ಹಾಯಿ ಬಿಚ್ಚಲು ಕಲಿಯುತ್ತಾರೆ. ಅಲ್ಲಿಲ್ಲದ್ದು ಒಂದೇ, ಹವಳ. ಈ ವಿಚಾರ ಅದರದ್ದು.

ವಿಷಯ ಇದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಪಡುಗಡಲಿನ ಅಮಿನ್‌ದಿವಿ ದ್ವೀಪಗಳು ಟಿಪ್ಪುವಿನ ಕಾಲದಲ್ಲಿ ಮೈಸೂರಿಗೆ ಸೇರಿದವು, 1799ರ ನಂತರ ಕಂಪನಿಯ ಕೈಗೆ ಬಂದವು, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪದವರು ನಾರು ಕೊಟ್ಟು ಮಂಗಳೂರಿನ ಅಕ್ಕಿ ಒಯ್ಯುತ್ತಿದ್ದರು. ಆ ಹಾಯಿದೋಣಿಗಳ ಮುಂದೆ ಪ್ರತಿ ಸಲವೂ ನಿಂತ ಪ್ರಶ್ನೆ ಒಂದೇ: ದ್ವೀಪವನ್ನು ಸುತ್ತಿಕೊಂಡ ಹವಳದ ದಿಬ್ಬದಲ್ಲಿ ಇರುವ ಕಿರಿದಾದ ಬಾಗಿಲನ್ನು ಎಲ್ಲಿಂದ, ಯಾವಾಗ ಹೊಗಬೇಕು?

ಯಾವುದು ಅಗಲವೋ, ಯಾವುದು ಆಳವೋ, ಯಾವುದು ಹತ್ತಿರವೋ ಅದೇ ಸುರಕ್ಷಿತ ದಾರಿ ಎನ್ನುವುದು ಸಾಮಾನ್ಯ ಉತ್ತರ. ನನ್ನ ಸಿದ್ಧಾಂತ ಬೇರೆ. ನೋಡಬೇಕಾದದ್ದನ್ನೆಲ್ಲ ನೋಡಿ ಮುಗಿದ ಮೇಲೂ ದೋಣಿ ತಿರುಗಿಸಲು ಜಾಗ ಉಳಿಯುವ ದಾರಿಯೇ ಸುರಕ್ಷಿತ. ಅಗಲ, ಆಳಗಳೆಲ್ಲ ಇದರ ಕೆಳಗೆ ಬರುತ್ತವೆ.

ಹಿಂದಿನಿಂದ ಬೀಸುವ ಗಾಳಿಯನ್ನು ಎಲ್ಲರೂ ಅನುಕೂಲವೆನ್ನುತ್ತಾರೆ. ಕಿರಿದಾದ ಬಾಗಿಲಿನಲ್ಲಿ ಅದೇ ದೊಡ್ಡ ಶತ್ರು. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಓರೆಯಾಗಿ ಅತ್ತಿತ್ತ ಹೊರಳುತ್ತ ಹೋಗಬೇಕು, ಹೊರಳಲು ಅಲ್ಲಿ ಜಾಗವಿಲ್ಲ. ಗಾಳಿಯೇ ನೂಕಿ ಒಳಗೆ ಕಳಿಸಿದರೆ, ಮುಂದೆ ಬಂಡೆ ಕಂಡಾಗ ಹಿಂದಿರುಗುವ ಮಾತೇ ಇಲ್ಲ. ಮಗ್ಗುಲಿನ ಗಾಳಿಯಲ್ಲಾದರೆ ಹೋದ ಹಾಗೆಯೇ ಬರಬಹುದು. ಮಳೆಗಾಲ ಕಳೆದ ಮೇಲೆ ಪಡುಗಡಲಲ್ಲಿ ಬೀಸುವುದು ಹೆಚ್ಚಾಗಿ ಬಡಗಣ ಮತ್ತು ವಾಯವ್ಯದ ಗಾಳಿ. ಈ ದ್ವೀಪಗಳಲ್ಲಿ ಬಹುಪಾಲಿಗೆ ದಿಬ್ಬದೊಳಗಿನ ಹಿನ್ನೀರು ಪಡುವಣ ಮಗ್ಗುಲಲ್ಲಿದೆ, ಬಾಗಿಲೂ ಅತ್ತಲೇ. ಪೂರ್ವಕ್ಕೆ ಮುಖಮಾಡಿ ಹೊಗುವ ದೋಣಿಗೆ ಬಡಗಣ ಗಾಳಿ ಮಗ್ಗುಲಿನದೇ ಆಗುತ್ತದೆ.

ಹೊತ್ತಿನ ವಿಚಾರವೂ ಇದಕ್ಕೇ ಸೇರುತ್ತದೆ. ಹವಳ ಕಾಣುವುದು ಬಣ್ಣದಿಂದ: ಆಳಕ್ಕೆ ಕಡುನೀಲಿ, ಮೇಲೆ ಬಂದಂತೆ ಹಸಿರು, ಮರಳಿನ ಮೇಲೆ ತಿಳಿಹಸಿರು, ಹವಳ ಮೇಲ್ಮೈಗೆ ಹತ್ತಿರವಿದ್ದರೆ ಕಂದು. ಸೂರ್ಯ ಎತ್ತರದಲ್ಲೂ ಬೆನ್ನ ಹಿಂದೆಯೂ ಇದ್ದರೆ ಮಾತ್ರ ಈ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಎದುರಿಗಿದ್ದರೆ ನೀರೆಲ್ಲ ಒಂದೇ ಹೊಳಪು. ಪಡುವಣ ಬಾಗಿಲನ್ನು ಮಧ್ಯಾಹ್ನದ ಮೇಲೆ ಹೊಗಬೇಕು, ಬೆಳಗಿನ ಹೊತ್ತು ಏರಿದ ಮೇಲೆ ಬಿಡಬೇಕು. (ಮೋಡದ ನೆರಳೂ ಹವಳದ ಹಾಗೆಯೇ ಕಾಣುತ್ತದೆ. ಆದರೆ ಅದು ಸರಿಯುತ್ತದೆ. ಎರಡು ನಿಮಿಷ ಕಾದರೆ ತಿಳಿಯುತ್ತದೆ.)

ಪೂರ್ವಪಕ್ಷಿ ಕೇಳುತ್ತಾನೆ: ಪೂರ್ಣ ಉಬ್ಬರದಲ್ಲಿ ಹೊಕ್ಕರೆ ದೋಣಿಯ ಅಡಿಗೆ ಹೆಚ್ಚು ನೀರಿರುತ್ತದಲ್ಲ? ಇರುತ್ತದೆ. ಆದರೆ ಅಲ್ಲಿನ ಉಬ್ಬರ-ಇಳಿತದ ಅಂತರ ಹೆಚ್ಚೂಕಡಿಮೆ ಒಂದು ಮೀಟರಿನದು. ಆ ಲಾಭಕ್ಕಾಗಿ ಎರಡು ನಷ್ಟ: ದಿಬ್ಬದ ಅಂಚು ಮುಳುಗಿ ಕಣ್ಣಿಗೆ ಮರೆಯಾಗುತ್ತದೆ, ಮತ್ತು ತಳ ತಾಗಿ ನಿಂತರೆ ನೀರು ಇಳಿಯುತ್ತಲೇ ಹೋಗಿ ದೋಣಿ ಹವಳದ ಮೇಲೆ ಕುಳಿತುಬಿಡುತ್ತದೆ. ಏರುವ ನೀರಿನ ಮೊದಲ ಭಾಗದಲ್ಲಿ ಹೊಕ್ಕರೆ ಅಂಚು ಕಾಣುತ್ತದೆ, ತಾಗಿದರೂ ಏರುವ ನೀರೇ ಎತ್ತಿಬಿಡುತ್ತದೆ. ಇನ್ನೊಂದು ಸಂಗತಿ ಪಂಚಾಂಗದ ಉಬ್ಬರದ ಪಟ್ಟಿಯಲ್ಲಿ ಇರುವುದಿಲ್ಲ. ಪಡುವಣ ದಿಬ್ಬವನ್ನು ದಾಟಿ ಅಲೆಗಳು ಹಿನ್ನೀರಿಗೆ ಸುರಿದ ನೀರು ಹೊರಬರಲು ಬಾಗಿಲನ್ನೇ ಹುಡುಕುತ್ತದೆ. ಅಲೆ ದೊಡ್ಡದಾದ ದಿನ ಉಬ್ಬರದಲ್ಲೂ ಬಾಗಿಲಿನ ಸೆಳೆತ ಹೊರಮುಖವಾಗಿಯೇ ಇರಬಹುದು. ಪಟ್ಟಿ ನೋಡಿ ಬಂದವನು ಅಲ್ಲಿ ತಬ್ಬಿಬ್ಬಾಗುತ್ತಾನೆ.

ಮುಂದಿನ ಆಕ್ಷೇಪ ಈ ಕಾಲದ್ದು: ಜಿಪಿಎಸ್ ಇರುವಾಗ ಬಣ್ಣ ನೋಡುವ ಗೋಜೇಕೆ? 2014ರ ನವೆಂಬರ್ 29ರ ರಾತ್ರಿ, ವೋಲ್ವೊ ಓಷನ್ ರೇಸ್‌ನ ‘ಟೀಮ್ ವೆಸ್ಟಾಸ್ ವಿಂಡ್’ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ದಿಬ್ಬಕ್ಕೆ ಹೋಗಿ ಬಡಿಯಿತು. ಉಪಗ್ರಹ ಸರಿಯಾಗಿಯೇ ಇತ್ತು, ನಾವಿಕರೂ ನುರಿತವರು; ತೆರೆಯ ಮೇಲಿನ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡಿರಲಿಲ್ಲ. ಜಿಪಿಎಸ್ ಹೇಳುವುದು ನೀನೆಲ್ಲಿದ್ದೀ ಎಂದು, ಬಂಡೆ ಎಲ್ಲಿದೆ ಎಂದಲ್ಲ. ಬಂಡೆಯ ಜಾಗ ನಕ್ಷೆ ಬರೆದವನ ಮಾತು. ಹಳೆಯ ಅಳತೆಯ ನಕ್ಷೆಗಳು ಭೂಮಿಯ ಆಕಾರವನ್ನು ಬೇರೆಯಾಗಿ ಹಿಡಿದಿದ್ದರಿಂದ ಇಂದಿನ ಉಪಗ್ರಹದ ಲೆಕ್ಕಕ್ಕೂ ಅವಕ್ಕೂ ನೂರು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬರಬಹುದು. ಕಿರಿದಾದ ಬಾಗಿಲಿಗೆ ಅಷ್ಟೇ ಸಾಕು.

ಹಾಗಾದರೆ ನಕ್ಷೆ ಬೇಡವೇ? ಬೇಕೇ ಬೇಕು. ಇಲ್ಲಿ ಪ್ರಮಾಣಗಳ ಬಲಾಬಲ ನೋಡಬೇಕು. ನಕ್ಷೆ ಶಬ್ದಪ್ರಮಾಣ. ದಡದ ಮೇಲಿನ ಎರಡು ಗುರುತು, ಉದಾಹರಣೆಗೆ ಮಸೀದಿಯ ಮೂಲೆ ಮತ್ತು ಹಿಂದಿನ ಒಂದು ಎತ್ತರದ ತೆಂಗು, ಒಂದೇ ಗೆರೆಗೆ ಬರುವಂತೆ ಇಟ್ಟುಕೊಂಡು ಸಾಗುವುದು ಅನುಮಾನಪ್ರಮಾಣ. ಗೆರೆ ತಪ್ಪಿದೊಡನೆ ಸೆಳೆತ ಎತ್ತ ಎಳೆಯುತ್ತಿದೆ ಎಂದು ತಿಳಿಯುತ್ತದೆ, ದಿಕ್ಸೂಚಿಗೆ ಅದು ತಿಳಿಯದು. ನೀರಿನ ಬಣ್ಣ ಪ್ರತ್ಯಕ್ಷ. ಇವುಗಳಲ್ಲಿ ಯಾವುದು ದೊಡ್ಡದು ಎಂದು ಜಗಳ ಬೇಡ. ‘ಬೇಡ’ ಎನ್ನಲು ಒಂದೇ ಪ್ರಮಾಣ ಸಾಕು, ‘ಹೊಗು’ ಎನ್ನಲು ಮೂರೂ ಬೇಕು. ನಕ್ಷೆ ಇಲ್ಲಿ ಆಳವಿದೆ ಎಂದು ಹೇಳಿ ಕಣ್ಣಿಗೆ ಕಂದು ಕಂಡರೆ ನಿಲ್ಲು. ಕಣ್ಣಿಗೆ ನೀಲಿ ಕಂಡು ನಕ್ಷೆ ಬಂಡೆ ತೋರಿಸಿದರೂ ನಿಲ್ಲು.

‘ಹತ್ತಾರು ಸಲ ಹೊಕ್ಕ ತಂಡೇಲ (ದೋಣಿ ನಡೆಸುವ ಮುಖ್ಯಸ್ಥ) ಜೊತೆಗಿದ್ದರೆ ಇಷ್ಟೆಲ್ಲ ಏಕೆ?’ ಎಂಬುದೇ ಎಲ್ಲಕ್ಕಿಂತ ಗಟ್ಟಿ ಆಕ್ಷೇಪ; ಅರ್ಧ ಒಪ್ಪುತ್ತೇನೆ. ಅಪರಿಚಿತ ಬಾಗಿಲಿಗೆ ಊರಿನವನಿಗಿಂತ ದೊಡ್ಡ ಆಧಾರವಿಲ್ಲ. ಆದರೆ ಅವನ ಜ್ಞಾನ ಕಳೆದ ಸಲದ ಬಾಗಿಲಿನದು. 2017ರ ಓಖಿಯಂಥ ಚಂಡಮಾರುತ ಹಾದುಹೋದ ಮೇಲೆ ಮರಳು, ಮುರಿದ ಹವಳದ ತುಂಡು ಹಿಂದಿನ ಜಾಗದಲ್ಲೇ ಇರುತ್ತವೆ ಎನ್ನಲಾಗದು. ಒಳ್ಳೆಯ ತಂಡೇಲ ಇದನ್ನು ನಮಗಿಂತ ಚೆನ್ನಾಗಿ ಬಲ್ಲ. ಒಬ್ಬನನ್ನು ಅಣಿಯದಲ್ಲಿ, ಅಂದರೆ ದೋಣಿಯ ಮುಂತುದಿಯಲ್ಲಿ, ನಿಲ್ಲಿಸಿ ನೀರು ನೋಡಿಸುವವನು ಅವನೇ.

ಇಷ್ಟು ಎಚ್ಚರ ವಹಿಸಿ ಹೊರಗೆ ಕಾಯುವುದೂ ಅಪಾಯವಲ್ಲವೇ? ಹೌದು. ದಿಬ್ಬದ ಹೊರಬದಿ ಕಡಿದಾಗಿ ಆಳಕ್ಕೆ ಇಳಿಯುವುದರಿಂದ ಲಂಗರಿಗೆ ನೆಲ ಸಿಗುವುದು ಕಷ್ಟ. ಅದಕ್ಕೇ ಬಾಗಿಲಿನ ಆಯ್ಕೆ ಮಂಗಳೂರಿನಲ್ಲೇ ಆಗಬೇಕು. ಅಲ್ಲಿಂದ ಕಡಮತ್ ಸುಮಾರು 290 ಕಿ.ಮೀ. ಗಂಟೆಗೆ ಏಳೂವರೆ ಕಿ.ಮೀ. ಹೋದರೆ 39 ಗಂಟೆ. ಮಧ್ಯಾಹ್ನ 2ಕ್ಕೆ ಬಾಗಿಲ ಬಳಿ ಇರಬೇಕಾದರೆ ಎರಡು ದಿನ ಮುಂಚಿನ ರಾತ್ರಿ 11ಕ್ಕೆ ಹೊರಡಬೇಕು. ಹೊರಡಲು ಹಳೆ ಬಂದರಿನ ಅಳಿವೆಯಲ್ಲಿ ಮರಳದಿಬ್ಬ ದಾಟುವಷ್ಟು ನೀರೂ ಆಗಲೇ ಇರಬೇಕು. ಎರಡೂ ಕೂಡಿಬರುವ ದಿನಗಳು ಕಡಿಮೆ. ಮಳೆಗಾಲದಲ್ಲಂತೂ ಪಡುವಣ ಅಲೆ ಬಾಗಿಲನ್ನೇ ಮುಚ್ಚುತ್ತದೆ. ಈಗ ಹಲವು ದ್ವೀಪಗಳಲ್ಲಿ ಪೂರ್ವದ ಮಗ್ಗುಲಿಗೆ ಧಕ್ಕೆ ಕಟ್ಟಿರುವುದು ಈ ಕಾರಣಕ್ಕೇ.

ಕೊನೆಗೊಂದು ವಿಶೇಷ ವಿಧಿ. ಇದೇ ನಿಯಮವನ್ನು ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳಿಗೋ ಕಾರವಾರದ ದೇವಗಡಕ್ಕೋ ಹಾಗೆಯೇ ಒಯ್ಯಬಾರದು. ಅಲ್ಲಿರುವುದು ಹವಳವಲ್ಲ, ಬಂಡೆ. ಹೊಳೆಗಳ ಕೆಸರಿನಿಂದ ಕರಾವಳಿಯ ನೀರು ಎಷ್ಟೋ ದಿನ ಮಬ್ಬು. ಮೂರು ಸಾಕ್ಷಿಗಳಲ್ಲಿ ಕಣ್ಣು ಅಲ್ಲಿ ಸಾಕ್ಷಿ ಹೇಳುವುದಿಲ್ಲ. ಉಳಿದ ಎರಡರ ಮೇಲೆ ಹೋಗುವಾಗ ಬಂಡೆಯಿಂದ ಬಿಡುವ ಅಂತರವನ್ನು ಹೆಚ್ಚಿಸಬೇಕು, ಆಳವನ್ನು ಮಾರುಗುಂಡು ಇಳಿಬಿಟ್ಟು ಅಳೆಯುತ್ತ ಸಾಗಬೇಕು. ಅಷ್ಟು ಅಂತರ ಬಿಡಲು ಜಾಗವಿಲ್ಲದ ಸಂದಿಯನ್ನು ಬಿಟ್ಟು ದ್ವೀಪದ ಹೊರಗಿನಿಂದಲೇ ಸುತ್ತಿ ಹೋಗುವುದು. ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ಹೊರಗೆ ಲಂಗರಿಗೆ ನೆಲವಂತೂ ಸಿಗುತ್ತದೆ.