ಕುರುಹೂ ಕಾರಣವೂ

ಕಣ್ಣಿಗೆ ಕಾಣದ ದೋಷವನ್ನು ಕಾಣುವ ಕುರುಹಿನಿಂದ ನಿರ್ಣಯಿಸುವ ಅಧಿಕಾರ ನಮಗೆ ಎಷ್ಟರಮಟ್ಟಿಗೆ ಉಂಟು? ಗೌತಮನ ನ್ಯಾಯಸೂತ್ರಗಳು ಈ ಪ್ರಶ್ನೆಯನ್ನು ತುಂಬಿದ ನದಿಯೊಂದನ್ನು ಮುಂದಿಟ್ಟುಕೊಂಡು ವಿಚಾರಿಸಿವೆ. ಹೊಳೆ ಏರಿದರೆ ಮೇಲೆ ಮಳೆಯಾಯಿತೆಂದು ಊಹಿಸುತ್ತೇವೆ. ಒಡ್ಡಿನಿಂದಲೂ ನೀರು ಏರಬಹುದಾದ್ದರಿಂದ ಅನುಮಾನವು ಪ್ರಮಾಣವೇ ಅಲ್ಲವೆಂಬುದು ಪೂರ್ವಪಕ್ಷ. ಮಳೆಯ ನೀರಿಗೆ ವೇಗವುಂಟು, ನೊರೆಯುಂಟು, ತೇಲಿಬರುವ ಎಲೆ ಕಟ್ಟಿಗೆಗಳುಂಟು. ಇವನ್ನು ನೋಡದೆ ಬರಿಯ ಏರಿಕೆಯಿಂದ ತೀರ್ಮಾನಿಸಿದರೆ ಅಪರಾಧವು ಅನುಮಾನ ಮಾಡಿದವನದೇ ಹೊರತು ಅನುಮಾನದ್ದಲ್ಲವೆಂಬುದು ಭಾಷ್ಯಕಾರ ವಾತ್ಸ್ಯಾಯನನ ಸಮಾಧಾನ.

ಈ ವಿವೇಕಕ್ಕೆ ಇಂದು ಗ್ಯಾರೇಜಿನಲ್ಲಿಯೂ ಪರೀಕ್ಷೆಯುಂಟು. ಕಾರಿನ ಹೊಗೆಕೊಳವೆಯಲ್ಲಿ ಅಡಗಿರುವ ಕ್ಯಾಟಲಿಟಿಕ್ ಕನ್ವರ್ಟರು, ಜೇನುಗೂಡಿನಂತಹ ತನ್ನ ರಂಧ್ರಗಳಿಗೆ ಲೇಪಿಸಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ಸನ್ನಿಧಿಮಾತ್ರದಿಂದ ವಿಷಾನಿಲಗಳ ಬಹುಭಾಗವನ್ನು ನೀರಾವಿ, ಸಾರಜನಕ, ಇಂಗಾಲದ ಡೈಆಕ್ಸೈಡುಗಳಾಗಿ ಪರಿವರ್ತಿಸುತ್ತದೆ. ಎಚ್ಚರಿಕೆಯ ದೀಪ ಹೊತ್ತಿ, ಸ್ಕ್ಯಾನರಿನಲ್ಲಿ ಪಿ0420 ಎಂಬ ಸಂಕೇತ ಮೂಡಿದೊಡನೆ ‘ಕನ್ವರ್ಟರು ಹೋಗಿದೆ, ಬದಲಾಯಿಸಿ’ ಎನ್ನುವವನು ನದಿಯ ಏರಿಕೆಯನ್ನಷ್ಟೇ ಕಂಡವನು.

ಬಲ್ಲ ಮೆಕ್ಯಾನಿಕ್ಕನಾದರೋ, ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆ, ಕನ್ವರ್ಟರಿನ ಮುಂದೊಂದು ಹಿಂದೊಂದು ಇರುವ ಆಕ್ಸಿಜನ್ ಸೆನ್ಸರುಗಳ ರೇಖೆಗಳನ್ನು ಜೊತೆಗಿಟ್ಟು ನೋಡುತ್ತಾನೆ. ಸಾಮಾನ್ಯ ಬಗೆಯ ಸೆನ್ಸರಾದರೆ ಮುಂದಿನದು ಸುಮಾರು 0.1ರಿಂದ 0.9 ವೋಲ್ಟಿನವರೆಗೆ ಎಡೆಬಿಡದೆ ಏರಿಳಿಯುತ್ತಿರಬೇಕು. ಒಳಗಿನ ಸೀರಿಯಂ ಲೇಪವು ಆಮ್ಲಜನಕವನ್ನು ಕೂಡಿಟ್ಟು ಕೊರತೆಯಾದಾಗ ಬಿಟ್ಟುಕೊಡುವುದರಿಂದ, ಹಿಂದಿನದು 0.6–0.7ರ ಆಸುಪಾಸಿನಲ್ಲಿ ನಿಶ್ಚಲವಾಗಿರಬೇಕು. ಹಿಂದಿನ ರೇಖೆಯೂ ಮುಂದಿನದನ್ನೇ ಅನುಕರಿಸಿದರೆ ಆ ಶಕ್ತಿ ಕುಂದಿತೆಂಬ ಶಂಕೆ ಬಲಿಯುತ್ತದೆ. ಆಗಲೂ ಅವನು ತೀರ್ಪು ನೀಡದೆ, ಕೊಳವೆಯ ಜೋಡಣೆಯಲ್ಲಿ ಮಸಿಯ ಗೆರೆಯಿದೆಯೋ ಎಂದು ಬಗ್ಗಿ ನೋಡುತ್ತಾನೆ. ಏಕೆಂದರೆ ಬಿರುಕಿನೊಳಗಿಂದ ಹೊರಗಾಳಿ ಸೇರಿದರೂ ಸೆನ್ಸರು ತಪ್ಪು ಸಾಕ್ಷ್ಯ ನುಡಿದೀತು. ದೋಷವಿದ್ದಲ್ಲಿಯೂ ಇಲ್ಲದಲ್ಲಿಯೂ ತೋರುವ ಇಂತಹ ಕುರುಹನ್ನೇ ತಾರ್ಕಿಕರು ಸವ್ಯಭಿಚಾರ ಹೇತುವೆಂದರು.

ಕನ್ವರ್ಟರು ನಿಜಕ್ಕೂ ಕೆಟ್ಟಿದೆಯೆಂದು ಸಿದ್ಧವಾದ ಬಳಿಕವೂ ವಿಚಾರ ಮುಗಿಯದು. ಅದು ತಾನಾಗಿ ಕೆಡುವುದಕ್ಕಿಂತ ಅನ್ಯರಿಂದ ಕೆಡುವುದೇ ಹೆಚ್ಚು: ಮಿಸ್‌ಫೈರ್ ಆಗುವ ಸಿಲಿಂಡರಿನಿಂದ ಬಂದ ಉರಿಯದ ಪೆಟ್ರೋಲು ಅದರ ಗರ್ಭದಲ್ಲಿ ಉರಿದು ಗೂಡನ್ನೇ ಕರಗಿಸುತ್ತದೆ, ಸವೆದ ಪಿಸ್ಟನ್ ರಿಂಗುಗಳನ್ನು ದಾಟಿ ಸುಟ್ಟ ಆಯಿಲು ಲೇಪವನ್ನು ಮುಚ್ಚುತ್ತದೆ. ಮೂಲವನ್ನು ಬಿಟ್ಟು ಹೊಸದನ್ನು ಕೂಡಿಸಿದರೆ ಅದಕ್ಕೂ ಅದೇ ಗತಿ. 1995ರ ಏಪ್ರಿಲ್ 1ರಿಂದ ನಮ್ಮ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರು ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲನ್ನೂ ಒದಗಿಸಬೇಕಾಯಿತು. ಸೀಸವುಳ್ಳ ಇಂಧನದಲ್ಲಿ ಆ ಲೋಹಗಳು ಬಾಳಲಾರವು.

ಮನುಷ್ಯರ ವಿಷಯದಲ್ಲಿಯೂ ನಾವು ಬಹುಬೇಗ ದೋಷಿಯೆಂದು ಸಾರುವುದು ಇತರರ ಕಲ್ಮಷವನ್ನು ಹೊತ್ತು ಬಳಲಿದವನನ್ನೇ. ಅವನ ವೈಫಲ್ಯ ಸುಳ್ಳಲ್ಲದಿರಬಹುದು. ಆದರೆ ಅಲ್ಲಿಗೇ ನಿಂತ ವಿಚಾರಣೆಯು ಅರ್ಧಸತ್ಯ, ಆ ಅರ್ಧಸತ್ಯದ ಮೇಲೆ ವಿಧಿಸಿದ ದಂಡನೆಯು ಅನ್ಯಾಯ. ಸತ್ಯವನ್ನು ನುಡಿಯುವುದು ಧರ್ಮವಾದರೆ, ನುಡಿಯುವ ಮುನ್ನ ಕುರುಹಿನಿಂದ ಕಾರಣಕ್ಕೂ, ಕಾರಣದಿಂದ ಅದರ ಮೂಲಕ್ಕೂ ಶ್ರಮಪಟ್ಟು ನಡೆಯುವುದು ಆ ಧರ್ಮದ ಪ್ರಥಮ ಸೋಪಾನ.